ಎಮ್ಮೆಯ ಮುಂದೆ ಕೇಳಿದ ಕರೆಂಟು

ನಮ್ಮ ಹಿತ್ತಲ ಗೋಡೆಯಲ್ಲಿ ಒಂದು ತೂತಿದೆ. ಮುಷ್ಟಿ ಸಲೀಸಾಗಿ ತೂರುವಷ್ಟು ದೊಡ್ಡದು. ಅದರೊಳಗಿಂದ ಒಂದು ಹಳದಿ ವಾಯರು ಬಂದು, ತುಳಸಿಕಟ್ಟೆಯನ್ನು ಬಳಸಿ, ಅಡುಗೆಮನೆಯ ಕಿಟಕಿಯ ಸರಳಿಗೆ ಸುತ್ತಿಕೊಂಡು ಕೂತಿದೆ. ಮನೆಗೆ ಬಂದವರು ಚಹಾ ಕುಡಿಯುವ ಮೊದಲೇ ಅದನ್ನು ನೋಡಿಬಿಡುತ್ತಾರೆ. “ಸರ, ಸಿಮೆಂಟ್ ಹಾಕಿ ಮುಚ್ಚಸ್ರಿ ಅದನ್ನ. ಹಾವು ಚೇಳು ಬರ್ತಾವು” ಎಂದು ಬುದ್ಧಿ ಹೇಳುತ್ತಾರೆ. ಹೌದು ಎನ್ನುತ್ತೇನೆ, ಮುಚ್ಚಿಸುವುದಿಲ್ಲ. ಯಾಕೆ ಎಂದು ಹೇಳಹೊರಟರೆ ನನ್ನ ಮರ್ಯಾದೆಯನ್ನು ನಾನೇ ಬೀದಿಗೆ ತರಬೇಕಾಗುತ್ತದೆ. ನಿಮ್ಮ ಮುಂದೆ ತರುವುದಕ್ಕೆ ಅಡ್ಡಿಯಿಲ್ಲ. ನೀವು ನಮ್ಮ ಓಣಿಯವರಲ್ಲ, ನಮ್ಮ ಓಣಿಯವರಿಗೆ ಹೇಗೂ ಇದು ಗೊತ್ತಿದೆ.

ನಾನು ಸೂಡಿಯವನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದೆ. ಮೂವತ್ತು ವರ್ಷವೂ ವಿದ್ಯುತ್ತಿನ ಪಾಠ ಮಾಡುವ ದಿನವೇ ಕರೆಂಟು ಹೋಗುತ್ತಿತ್ತು. ಆ ಸಿಟ್ಟು ಒಳಗೇ ಕೂತಿತ್ತೆಂದು ಕಾಣುತ್ತದೆ, ನಿವೃತ್ತಿಯಾದ ವಾರವೇ ಗಜೇಂದ್ರಗಡಕ್ಕೆ ಹೋಗಿ ಇನ್ವರ್ಟರ್ ತಂದೆ. ಓಣಿಗೇ ಮೊದಲನೆಯದು. ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದೆವು. ನೋಡಲು ಓಣಿಯೆಲ್ಲ ಬಂತು. ಹಿತ್ತಲ ಗೋಡೆಯಾಚೆಯ ಬಸವಣ್ಣೆಪ್ಪ ಬಗ್ಗಿ ಬ್ಯಾಟರಿಯನ್ನು ತಟ್ಟಿ ನೋಡಿ, “ಸರ, ಇದರಾಗ ಎಷ್ಟ ಹಿಡಿತೈತ್ರಿ?” ಎಂದು ಕೇಳಿದ. ಒಂದು ಮಾತಿನಲ್ಲಿ ಉತ್ತರ ಹೇಳಿದರೆ ನಾನು ಮಾಸ್ತರನೇ ಅಲ್ಲ. ಆಂಪಿಯರ್ ಎಂದರೇನು ಎಂಬಲ್ಲಿಂದ ಹಿಡಿದು ಮುಕ್ಕಾಲು ತಾಸು ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, “ಅಂದ್ರ ಒಂದ ಟ್ರ್ಯಾಕ್ಟರ್ ಬ್ಯಾಟರಿಗಿಂತ ಸ್ವಲ್ಪ ಹೆಚ್ಚ ಅನ್ರಿ” ಎಂದು ಎದ್ದು ಹೋದ.

ನಾನು ಸಣ್ಣವನಿದ್ದಾಗ ಕರೆಂಟು ಹೋಗುವುದೆಂದರೆ ಊರಿಗೆ ಒಂದು ಸಣ್ಣ ಹಬ್ಬ. ಹೋದ ಕೂಡಲೇ ಈ ತುದಿಯಿಂದ ಆ ತುದಿಯವರೆಗೆ ಹುಡುಗರೆಲ್ಲ “ಹೋ…” ಎಂದು ಕೂಗುತ್ತಿದ್ದೆವು. ಬಂದಾಗಲೂ ಅದೇ “ಹೋ”. ಎರಡಕ್ಕೂ ಒಂದೇ ಖುಷಿ. ದೊಡ್ಡವರು ಚಾಪೆ ಹಿಡಿದು ಕಟ್ಟೆಗೆ ಬರುತ್ತಿದ್ದರು. ಹುರಿದ ಶೇಂಗಾ ಬರುತ್ತಿತ್ತು, ಯಾರದೋ ಮನೆಯ ಸುದ್ದಿ ಬರುತ್ತಿತ್ತು, ಆ ಮನೆಯವರು ಬಂದ ಕೂಡಲೇ ಸುದ್ದಿ ಬೇರೆ ಮನೆಗೆ ಹೋಗುತ್ತಿತ್ತು. ನನ್ನ ಸೋದರತ್ತೆಯ ಮದುವೆ ಗೊತ್ತಾದದ್ದು ಅಂಥ ಒಂದು ಕತ್ತಲಲ್ಲಿ. ಬೆಳಕಿದ್ದಿದ್ದರೆ ವರನ ಮುಖ ನೋಡಿ ತಾನು ಒಪ್ಪುತ್ತಲೇ ಇರಲಿಲ್ಲ ಎಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು, ಆತನ ಎದುರಿಗೇ. ಅವ್ವ ನನ್ನ ಕೈಗೆ ಬಟ್ಟಲು ಕೊಟ್ಟು ಹೆಪ್ಪಿಗೆ ಕಳಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡಬಾರದು, ಇಸಗೊಳ್ಳಬಾರದು ಎಂಬ ಶಾಸ್ತ್ರವಿತ್ತು. ಕರೆಂಟು ಹೋದಾಗ ಶಾಸ್ತ್ರಕ್ಕೂ ಕಣ್ಣು ಕಾಣುವುದಿಲ್ಲ ಎಂದು ಅವ್ವ ತಿಳಿದಿದ್ದಳು. ನಾನು ದಾರಿಯುದ್ದಕ್ಕೂ ಬೆರಳು ಅದ್ದಿ ನೆಕ್ಕುತ್ತ ಬರುತ್ತಿದ್ದೆ. ಮನೆ ಮುಟ್ಟುವ ಹೊತ್ತಿಗೆ ಬಟ್ಟಲಲ್ಲಿ ಹೆಪ್ಪಿನ ವಾಸನೆ ಮಾತ್ರ ಇರುತ್ತಿತ್ತು.

ನನ್ನನ್ನು ನೋಡಿ ಓಣಿಯಲ್ಲಿ ಇನ್ನೂ ಐದಾರು ಮನೆಗೆ ಇನ್ವರ್ಟರ್ ಬಂದವು. ಈಗ ಕರೆಂಟು ಹೋದರೆ ಯಾರೂ “ಹೋ” ಎನ್ನುವುದಿಲ್ಲ. “ನಮಗ ಹೋಗಿದ್ದ ಗೊತ್ತ ಆಗಂಗಿಲ್ಲ ನೋಡ್ರಿ” ಎಂದು ನಾನು ಬಂದವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಖರೇನೇ, ಏನೂ ಗೊತ್ತಾಗುತ್ತಿರಲಿಲ್ಲ. ಮೂರು ಮನೆಯಾಚೆಯ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡದ್ದೂ ನನಗೆ ಗೊತ್ತಾದದ್ದು ಆಕೆ ಕೋಲು ಹಿಡಿದು ಓಡಾಡತೊಡಗಿದ ಮೇಲೆ.

ನನ್ನ ಹೆಂಡತಿ ಸುಶೀಲಾಳಿಗೆ ಮಾತ್ರ ಎಲ್ಲವೂ ಗೊತ್ತಿರುತ್ತಿತ್ತು. ನಮ್ಮ ಮನೆಯಲ್ಲಿ ವಿದ್ಯುತ್ ಖಾತೆ ನನ್ನದು, ಜನರ ಖಾತೆ ಅವಳದು. ಯಾರ ಸೊಸೆ ಬಸುರಿ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮುದುಕನಿಗೆ ಮೆತ್ತಗಿನ ಅನ್ನ ಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅವಳಿಗೆ ದಮ್ಮು ಇದೆ. ಧೂಳು ಎದ್ದರೆ, ಹವೆ ಥಂಡಿಯಾದರೆ, ಉಸಿರು ಕಟ್ಟುತ್ತದೆ. ಬಾಯಿಗೆ ಹೊಡೆದುಕೊಳ್ಳುವ ಪಂಪು ಒಂದಿದೆ. ಅದಕ್ಕೂ ಬಗ್ಗದಿದ್ದರೆ ಔಷಧವನ್ನು ಹೊಗೆ ಮಾಡಿ ಕೊಡುವ ಒಂದು ಸಣ್ಣ ಮಷೀನಿದೆ. ಅದಕ್ಕೆ ಕರೆಂಟು ಬೇಕು. ಆ ಮಷೀನಿಗೆ ಅವಳು ಇಟ್ಟ ಹೆಸರು ಹುಕ್ಕಾ. ಇನ್ವರ್ಟರ್ ತಂದದ್ದು ಅದರ ಸಲುವಾಗಿಯೇ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದರಲ್ಲಿ ಕ್ರಿಕೆಟ್ ನೋಡುತ್ತಿದ್ದುದನ್ನು ಹೇಳುತ್ತಿರಲಿಲ್ಲ.

ಇನ್ನು ಬಸವಣ್ಣೆಪ್ಪನ ಟ್ರ್ಯಾಕ್ಟರ್. ನಮ್ಮ ಕಡೆಯ ಟ್ರ್ಯಾಕ್ಟರುಗಳಿಗೆ ಉಳುವುದು ಉಪಕಸುಬು, ಮುಖ್ಯ ಕಸುಬು ಹಾಡುವುದು. ಬಸವಣ್ಣೆಪ್ಪನಿಗೆ ಐವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ. ಆದರೂ ಅವನ ಟ್ರ್ಯಾಕ್ಟರಿಗೆ ನಾಲ್ಕು ಸ್ಪೀಕರು, ತಿರುಗುವ ಬಣ್ಣದ ದೀಪ, ಇವಕ್ಕೆಲ್ಲ ಜೀವ ಕೊಡಲು ಸೀಟಿನ ಹಿಂದೆ ಎರಡು ಹೆಚ್ಚಿನ ಬ್ಯಾಟರಿ, ಒಂದು ಇನ್ವರ್ಟರ್ ಡಬ್ಬಿ. ಬೆಳಿಗ್ಗೆ ಐದಕ್ಕೆ ಅವನು ಹೊಲಕ್ಕೆ ಹೊರಟರೆ ನಮ್ಮ ಮನೆಯ ಸ್ಟೀಲಿನ ಡಬ್ಬಿಗಳು ಗೋಡೆಯ ಮಾಡದ ಮೇಲೆ ಕುಣಿಯುತ್ತಿದ್ದವು. ಒಂದು ವರ್ಷ ಸಹಿಸಿದೆ. ಆಮೇಲೆ ಪೊಲೀಸ್ ಠಾಣೆಗೆ ಒಂದು ಹೆಸರಿಲ್ಲದ ಅರ್ಜಿ ಬರೆದೆ.

ಹೆಸರಿಲ್ಲದ್ದು ಎಂಬುದು ನನ್ನ ಎಣಿಕೆ. ಕೈಗೆ ಪೆನ್ನು ಬಂದ ಕೂಡಲೇ ಮೂವತ್ತು ವರ್ಷದ ಚಟ ಎದ್ದು ಕೂತಿತು. ಎಡಕ್ಕೆ ಅಂಚು ಬಿಟ್ಟೆ. ಡೆಸಿಬೆಲ್ ಎಂದರೇನು ಎಂದು ವ್ಯಾಖ್ಯೆ ಬರೆದೆ. ಮುಖ್ಯ ಪದಗಳ ಕೆಳಗೆ ಕೆಂಪು ಶಾಯಿಯಿಂದ ಗೆರೆ ಎಳೆದೆ. ಕೊನೆಗೆ “ನೊಂದ ನಾಗರಿಕ” ಎಂದಷ್ಟೇ ಬರೆದು ಅಂಚೆಗೆ ಹಾಕಿದೆ. ನಾಲ್ಕನೆಯ ದಿನ ಮುಂಜಾನೆ, ಓಣಿಯೆಲ್ಲ ಹೊರಗೆ ನಿಂತಿರುವಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೊಲೀಸ್ ಡ್ರೆಸ್ಸಿನಲ್ಲಿ ಬೈಕಿನ ಮೇಲೆ ಬಂದು ರಸ್ತೆಯಿಂದಲೇ ಕೂಗಿದ: “ಸರ! ಅರ್ಜಿಯೊಳಗ ಹೆಸರ ಬರಿಯೂದ ಮರತೀರಿ. ಅಕ್ಷರ ನೋಡಿ ನಿಮ್ದ ಅಂತ ಗೊತ್ತಾತ್ರಿ. ಇಲ್ಲೊಂದ ಸಹಿ ಮಾಡ್ರಿ.” ಪಾಪ, ಗುರುಭಕ್ತಿ. ಬಸವಣ್ಣೆಪ್ಪ ಓಣಿಯ ಮೂಲೆಯಲ್ಲಿ ಬೇವಿನ ಕಡ್ಡಿ ಕಚ್ಚುತ್ತ ನಿಂತಿದ್ದ.

ಅಂದಿನಿಂದ ಊರೊಳಗೆ ಅವನ ಟೇಪು ಹಾಡಲಿಲ್ಲ. ಅವನೂ ನನ್ನ ಜೊತೆ ಮಾತು ಬಿಟ್ಟ. ಎರಡು ವರ್ಷ. ಮಾತು ಬಿಟ್ಟವರು ಮಾತಾಡಲೇಬೇಕಾದ ಪ್ರಸಂಗಗಳು ಬರುತ್ತವಲ್ಲ, ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಗೋಡೆಯಾಚೆ ಅವನು ಎಮ್ಮೆ ಕಟ್ಟುತ್ತಿದ್ದ. ನಮ್ಮ ನೀರಿನ ಟಾಕಿ ತುಂಬಿ ಹರಿದರೆ ಅವನು ಎಮ್ಮೆಗೆ ಹೇಳುತ್ತಿದ್ದ: “ಏನಬೇ ಎಮ್ಮಿ, ಮಾಸ್ತರ ಟಾಕಿ ತುಂಬಿ ಹರಿಯಾಕತ್ತೈತಿ. ಮೋಟರ ಬಂದ್ ಮಾಡಂತ ಹೇಳು.” ನಾನು ಈಚೆಯಿಂದ ಎಮ್ಮೆಗೇ ಉತ್ತರ ಕೊಡುತ್ತಿದ್ದೆ: “ಬಂದ್ ಮಾಡ್ಯಾರಂತ ಹೇಳಬೇ.” ಎಮ್ಮೆ ಎರಡೂ ಕಡೆಯ ಮಾತು ಕೇಳಿ ಮೆಲುಕು ಹಾಕುತ್ತಿತ್ತು. ಹೆಂಗಸರು ಮಾತ್ರ ಗಂಡಸರ ಈ ಜಗಳಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. ಸುಶೀಲಾ ಮತ್ತು ಬಸವಣ್ಣೆಪ್ಪನ ಹೆಂಡತಿ ಗಂಗವ್ವ ದಿನಾ ಅದೇ ಗೋಡೆಯ ಮೇಲಿಂದ ಪಲ್ಯ, ಚಟ್ನಿ, ಸುದ್ದಿ ದಾಟಿಸುತ್ತಿದ್ದರು.

ಇಂಥ ನನ್ನನ್ನು ಊರಿನ ವಿಪತ್ತು ನಿರ್ವಹಣಾ ಸಮಿತಿಗೆ ಕಾರ್ಯದರ್ಶಿ ಮಾಡಿದರು. ಅರ್ಹತೆ ಎರಡು: ಇನ್ವರ್ಟರ್ ಇತ್ತು, ಅಕ್ಷರ ಚೆನ್ನಾಗಿತ್ತು. ನೆರೆ ಬಂದಾಗ ಏನು ಮಾಡಬೇಕೆಂಬ ತರಬೇತಿ ಜೋರು ಮಳೆ ಬಂದದ್ದರಿಂದ ಎರಡು ಸಲ ಮುಂದಕ್ಕೆ ಹೋಗಿ ಮೂರನೆಯ ಸಲ ಬಿಸಿಲಲ್ಲಿ ನಡೆಯಿತು. ನನಗೆ ಒಂದು ಕಿತ್ತಳೆ ಬಣ್ಣದ ಜಾಕೀಟು, ಒಂದು ಸೀಟಿ ಕೊಟ್ಟರು. ಆಪತ್ತಿನಲ್ಲಿ ಮೂರು ಸಲ ಸೀಟಿ ಊದಬೇಕು, ಜನ ಓಡಿ ಬರುತ್ತಾರೆ ಎಂದರು. ಒಂದು ಫಾರ್ಮೂ ತುಂಬಿಸಿದರು: “ಆಪತ್ತಿನಲ್ಲಿ ಕೂಡಲೇ ಕರೆಯಬಹುದಾದ ಮೂವರು ನೆರೆಯವರ ಹೆಸರು.” ನಾನು ನರಗುಂದದ ಮೈದುನ, ರೋಣದ ಚಿಕ್ಕಪ್ಪನ ಮಗ, ಯಾವಗಲ್ಲಿನ ಒಬ್ಬ ಗೆಳೆಯ, ಇವರ ಹೆಸರು ಬರೆದೆ. ತರಬೇತಿಗೆ ಬಂದ ಸಾಹೇಬರು ಓದಿ, “ಇವರೆಲ್ಲ ನೆರೆಯವರೇನ್ರಿ ಸರ?” ಎಂದರು. “ಮನಸ್ಸಿಗೆ ಹತ್ತರದವರ್ರಿ” ಎಂದೆ. ಸುಶೀಲಾ ಫಾರ್ಮು ನೋಡಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಅವಳಿಗೆ ಕೊಟ್ಟಿದ್ದರೆ ಇನ್ನೊಂದು ಹಾಳೆ ಬೇಕಾಗುತ್ತಿತ್ತು.

ಹೋದ ಬೇಸಿಗೆಯ ಕೊನೆಗೆ ಅಡ್ಡಮಳೆ ಬಂತು. ಮಳೆಗಿಂತ ಮೊದಲು ಗಾಳಿ. ತಗಡುಗಳು ಹಾರಿದವು, ಕರೆಂಟಿನ ಕಂಬಗಳು ಸಾಲಾಗಿ ಮಲಗಿದವು, ಗಜೇಂದ್ರಗಡದ ರಸ್ತೆಗೆ ಅಡ್ಡಲಾಗಿ ಹಳೆಯ ಬೇವಿನ ಮರ ಬಿತ್ತು, ಫೋನಿನ ಸಿಗ್ನಲ್ಲೂ ಹೋಯಿತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿದ್ದವು. ನಮ್ಮ ಗುಡ್ಡದ ಗಾಳಿ ವರ್ಷವಿಡೀ ಕರೆಂಟಾಗಿ ಎಲ್ಲಿಗೋ ಹೋಗಿ ಯಾರದೋ ಫ್ಯಾನು ತಿರುಗಿಸುತ್ತದೆ. ಅಂದು ಅದೇ ಗಾಳಿ ನಮಗೆ ಖುದ್ದಾಗಿ ದರ್ಶನ ಕೊಟ್ಟಿತು, ನಮ್ಮ ಫ್ಯಾನು ಮಾತ್ರ ನಿಂತಿತು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ಜಾಕೀಟು ತೊಟ್ಟೆ. ಮನೆಯ ಎಲ್ಲ ದೀಪ ಹಾಕಿದೆ. ಬೇಡದಿದ್ದರೂ ಜಗುಲಿಯ ದೊಡ್ಡ ಬಲ್ಬು ಹಾಕಿದೆ, ಓಣಿಗೆ ಕಾಣಲಿ ಎಂದು. ಫೋನು ಚಾರ್ಜಿಗೆ ಇಡಲು ಬಂದವರಿಗೆ, “ಇದು ತುರ್ತಿಗೆ ಮಾತ್ರ” ಎಂದು ಹೇಳಿ ಕಳಿಸಿದೆ. ನೀರಲ್ಲಿ ಆಡುತ್ತಿದ್ದ ಹುಡುಗರನ್ನು, ಕೊಚ್ಚೆಯಲ್ಲಿ ನಿಂತ ಹಂದಿಗಳನ್ನು, ಹಸಿ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದವರನ್ನು ದಿನವಿಡೀ ಸೀಟಿ ಊದಿ ಎಬ್ಬಿಸಿದೆ. ರಸ್ತೆಯ ಮರ ತೆಗೆಸಬೇಕೆಂದು ತಾಲೂಕು ಕಚೇರಿಗೆ ಚೆಂದವಾಗಿ ಒಂದು ಪತ್ರ ಬರೆದೆ. ಕಳಿಸಲು ದಾರಿ ಇರಲಿಲ್ಲ, ಮರ ಬಿದ್ದಿತ್ತು.

ಎರಡನೆಯ ದಿನ ಮಧ್ಯಾಹ್ನ ಇನ್ವರ್ಟರ್ ಕುಂಯ್ ಕುಂಯ್ ಎಂದಿತು. ತಿಂಗಳಿಗೊಮ್ಮೆ ಬ್ಯಾಟರಿಯ ನೀರು ನೋಡಬೇಕು ಎಂದು ಓಣಿಗೆಲ್ಲ ಉಪದೇಶ ಮಾಡಿದವನು ನಾನೇ. ಮುಚ್ಚಳ ತೆಗೆದು ನೋಡಿದರೆ ನಮ್ಮದರ ತಳ ಕಾಣುತ್ತಿತ್ತು. ಐದು ಗಂಟೆಯ ಹೊತ್ತಿಗೆ ಅದು ಸುಮ್ಮನಾಯಿತು.

ದೀಪ ಹಚ್ಚುವ ಹೊತ್ತಿಗೆ ಸುಶೀಲಾಳಿಗೆ ದಮ್ಮು ಎದ್ದಿತು. ಎರಡು ದಿನದ ಥಂಡಿ, ನೆನೆದ ಗೋಡೆಯ ವಾಸನೆ. ಪಂಪು ಹೊಡೆದುಕೊಂಡಳು, ಅದರಲ್ಲಿ ಔಷಧವಿರಲಿಲ್ಲ. ಗಜೇಂದ್ರಗಡದಿಂದ ಹೊಸದು ತರಲು ಅವಳು ಶನಿವಾರವೇ ಹೇಳಿದ್ದಳು. ನಾನು ಹೋಗಿ ಸಮಿತಿಯ ಬ್ಯಾನರು ತಂದಿದ್ದೆ. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಹೆಗಲು ಮೇಲಕ್ಕೆ ಎಳೆದೆಳೆದು ಉಸಿರಿಗೆ ಹೆಣಗುತ್ತಿದ್ದಳು. ಎದೆಯಲ್ಲಿ ಸುಯ್ ಸುಯ್ ಶಬ್ದ. ನಾನು ಸ್ಕೂಟರಿನ ಕೀಲಿ ಹುಡುಕಿದೆ. ದವಾಖಾನೆಗೆ ಹೋಗುವುದು ಹೇಗೆ? ರಸ್ತೆಯಲ್ಲಿ ಮರ, ಹೊಲದಲ್ಲಿ ಟ್ರ್ಯಾಕ್ಟರೂ ಹೂತುಹೋಗುವ ಎರೆಮಣ್ಣು. ಜಗುಲಿಗೆ ಓಡಿ ಮೂರು ಸಲ ಸೀಟಿ ಊದಿದೆ. ಯಾರೂ ಬರಲಿಲ್ಲ. “ಮಾಸ್ತರ ಮತ್ತ ಹಂದಿ ಓಡಸಾಕತ್ತಾರ” ಎಂದು ಯಾರೋ ಅಂದದ್ದು ಮಾತ್ರ ಕೇಳಿಸಿತು.

ಒಳಗೆ ಬಂದೆ. ಅವಳ ತುಟಿ ಕಪ್ಪಗಾಗಿತ್ತು. ಮಾತಾಡಲು ಆಗದೆ ಕೈಯೆತ್ತಿ ಹಿತ್ತಲ ಗೋಡೆ ತೋರಿಸಿದಳು. ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಈ ಮನೆಗೆ ಏನೇ ಬೇಕಾದರೂ ಓಣಿಯನ್ನು ಕೇಳುತ್ತಿದ್ದವಳು ಅವಳು. ಅವಳ ಬಾಯಿ ಕಟ್ಟಿದರೆ ನಮಗೆ ಕೇಳುವ ಬಾಯಿಯೇ ಇಲ್ಲ.

ಗೋಡೆಯ ಹತ್ತಿರ ಓಡಿದೆ. ಆಚೆ ಎಮ್ಮೆಯ ಉಸಿರು ಕೇಳಿಸುತ್ತಿತ್ತು. ಏನು ಹೇಳಲಿ, ಮನುಷ್ಯನ ಚಟ ಸ್ಮಶಾನದವರೆಗೂ ಬರುತ್ತದಂತೆ. ನಾನು ಎಮ್ಮೆಯನ್ನೇ ಮಾತಾಡಿಸಿದೆ.

“ಎಮ್ಮೆವ್ವಾ, ನಿಮ್ಮ ಟ್ರ್ಯಾಕ್ಟರ್ ಬ್ಯಾಟರಿಯೊಳಗ ಕರೆಂಟ್ ಐತೇನಬೇ? ನಮ್ಮ ಮನ್ಯಾಗ ಸ್ವಲ್ಪ ಬೇಕಾಗಿತ್ತು.”

ಆಚೆಯಿಂದ ಬಸವಣ್ಣೆಪ್ಪನ ದನಿ: “ಯಾತಕ್ಕ ಬೇಕಂತ ಕೇಳಬೇ ಎಮ್ಮಿ.”

“ಸುಶೀಲಾಗ…” ಎಂದೆ. “ಅಕಿಗೆ ಉಸರಾಡಾಕ ಆಗವಲ್ದು.”

ಧಡ್ ಎಂದು ಶಬ್ದವಾಯಿತು. ಎಮ್ಮೆಯನ್ನು ಸರಿಸಿ, ಮೇವಿನ ಗೋದಲಿಯ ಮೇಲೆ ಹತ್ತಿ ನಿಂತ ಬಸವಣ್ಣೆಪ್ಪನ ತಲೆ ಗೋಡೆಯ ಮೇಲೆ ಕಾಣಿಸಿತು. “ತಲಿ ಕೆಟ್ಟೈತೇನ್ರಿ ಸರ ನಿಮಗ? ಅಕ್ಕಾರಿಗೆ ದಮ್ಮ ಎದ್ದೈತಿ, ನೀವ ಎಮ್ಮಿ ಕೂಡ ಮಾತಾಡಕೋತ ನಿಂತೀರಿ? ಬಸವಣ್ಣೆಪ್ಪಾ ಅಂತ ಒಂದ ಸಲ ಒದರಾಕ ಬರಲಿಲ್ಲೇನ್ರಿ?”

ಮುಂದಿನದೆಲ್ಲ ಲಗೂ ಲಗೂ ನಡೆಯಿತು. ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆದು ಗೋಡೆಗೆ ತಂದು ನಿಲ್ಲಿಸಿದ. ಗೋಡೆಯ ಮೇಲಿಂದ ಹಾಕಿದರೆ ವಾಯರು ಎರಡು ಮೊಳ ಕಡಿಮೆ ಬಿತ್ತು. ಗಂಗವ್ವ ಹಾರೆ ತಂದು ಕೊಟ್ಟಳು, ನಾಲ್ಕು ಪೆಟ್ಟಿಗೆ ನಮ್ಮ ಗೋಡೆಯ ಕಲ್ಲು ಬಿದ್ದು, ಆ ತೂತಿನಿಂದ ವಾಯರು ಈಚೆ ಬಂತು. ನಾನು ಮಷೀನಿನ ಪಿನ್ನು ಸಿಕ್ಕಿಸಿದೆ. ಟ್ರ್ಯಾಕ್ಟರಿನ ಸ್ವಿಚ್ಚಿನ ಮೇಲೆ ಕೈಯಿಟ್ಟ ಬಸವಣ್ಣೆಪ್ಪ ಅಲ್ಲಿಯೇ ತಡೆದ.

“ಸರ, ಒಂದ ಮಾತ್ರಿ. ಇದಕ್ಕೂ ಟೇಪಿಗೂ ಒಂದ ಸ್ವಿಚ್ ಐತಿ. ಇದನ್ನ ಹಾಕಿದ್ರ ಅದೂ ಹತ್ತತೈತಿ. ಸೌಂಡ್ ಕಡಿಮಿ ಮಾಡೂ ಗುಂಡಿ ಮುರದೈತಿ. ಹಚ್ಚಲೇನ್ರಿ?”

“ಹಚ್ಚೋ ನಮ್ಮಪ್ಪಾ!” ಎಂದು ಕಿರುಚಿದೆ.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ಸ್ಪೀಕರುಗಳು ಒಮ್ಮೆಲೇ ಬಾಯಿ ಬಿಟ್ಟವು. ಮಾಡದ ಮೇಲಿನ ಡಬ್ಬಿಗಳು ಕುಣಿದವು. ಕಿಟಕಿಯಿಂದ ಕೆಂಪು ನೀಲಿ ಬೆಳಕು ಒಳಗೆ ಸುತ್ತತೊಡಗಿತು. ಆ ಗದ್ದಲದ ನಡುವೆ ಅವಳ ಮಷೀನು ಸಣ್ಣಗೆ ಗುರ್ ಎಂದು ಹೊಗೆ ಬಿಟ್ಟಿತು. ನಾನು ಮಾಸ್ಕನ್ನು ಅವಳ ಮುಖಕ್ಕೆ ಹಿಡಿದು ಕೂತೆ. ಹಾಡು ನಿಲ್ಲದಿರಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇಟಗಿಯ ಭೀಮಾಂಬಿಕೆಗೆ ಎರಡು ಸಲ ಹೊತ್ತೆ.

ಸೀಟಿಗೆ ಬಾರದ ಊರು ಹಾಡಿಗೆ ಓಡಿ ಬಂತು. ಬಸವಣ್ಣೆಪ್ಪನಿಗೆ ಹುಚ್ಚು ಹಿಡಿಯಿತೆಂದು ಕೆಲವರು, ಯಾರದೋ ಮೆರವಣಿಗೆ ಹೊರಟಿತೆಂದು ಕೆಲವರು. ವಿಷಯ ತಿಳಿದ ಮೇಲೆ ಯಾರೂ ನಗಲಿಲ್ಲ. ಅಡುಗೆಮನೆ ಕತ್ತಲಾಗಿದೆಯೆಂದು ನಾಲ್ಕಾರು ಜನ ತಮ್ಮ ಫೋನಿನ ಬೆಳಕು ಹಿಡಿದರು. ನಾನು ಚಾರ್ಜಿಗೆ ಇಡಗೊಡದ ಫೋನುಗಳವು. ಒಂದು ಆರಿದರೆ ಇನ್ನೊಬ್ಬರು ತಮ್ಮದನ್ನು ಹಿಡಿಯುತ್ತಿದ್ದರು. ಸೊಂಟ ಮುರಿದ ಅಜ್ಜಿ ಕೋಲೂರಿಕೊಂಡು ಬಂದು ಸುಶೀಲಾಳ ಬೆನ್ನು ನೀವತೊಡಗಿದಳು. ಏಳೆಂಟು ಜನ ಕೊಡಲಿ ಹಿಡಿದು, ಬೇಕಾದರೆ ದವಾಖಾನೆಗೆ ದಾರಿಯಾಗಲೆಂದು, ಯಾವ ಪತ್ರಕ್ಕೂ ಕಾಯದೆ ಬೇವಿನ ಮರ ಕಡಿಯಲು ಹೋದರು.

ನಾಲ್ಕನೆಯ ಹಾಡಿಗೆ ಅವಳ ಹೆಗಲು ಇಳಿದವು. ತುಟಿಗೆ ಬಣ್ಣ ಬಂತು. ಮಾಸ್ಕ್ ಸರಿಸಿ, ನನ್ನನ್ನೇ ನೋಡುತ್ತ, ತಡೆತಡೆದು ಅಂದಳು: “ಇದರ ಮ್ಯಾಲೂ… ಅರ್ಜಿ ಬರದಗಿರದೀರಿ ಮತ್ತ.” ಅಷ್ಟು ಜನರ ಎದುರಿಗೇ ನಾನು ಅತ್ತೆ. ಕಿತ್ತಳೆ ಜಾಕೀಟಿನಿಂದ ಕಣ್ಣು ಒರೆಸಿಕೊಂಡೆ. ಅದು ಪ್ಲಾಸ್ಟಿಕ್ಕು, ಏನನ್ನೂ ಹೀರುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ದಿಂಬಿಗೆ ಒರಗಿ ಕೂತು ಹೊಸ ಚಿಂತೆ ಹಚ್ಚಿಕೊಂಡಳು. “ಇಸಗೊಂಡ ಭಾಂಡೆ ಖಾಲಿ ಹೊಳ್ಳಿ ಕೊಡಬಾರದು. ಕರೆಂಟ್ ಇಸಗೊಂಡ್ರ ಏನ ಹಾಕಿ ಕೊಡೂದ್ರಿ?” ಮೂವತ್ತು ವರ್ಷ ವಿದ್ಯುತ್ ಕಲಿಸಿದ ನನಗೆ ಇದು ಗೊತ್ತಿರಲಿಲ್ಲ. ಕೊನೆಗೆ ಅವಳೇ ಶೇಂಗಾ ಹೋಳಿಗೆಯ ಡಬ್ಬಿ ಎಲ್ಲಿದೆಯೆಂದು ಹೇಳಿ, “ಈ ಸಲ ನೀವ ಹೋಗಿ ಬರ್ರಿ” ಎಂದಳು.

ಬೀದಿ ಸುತ್ತಿ ಅವರ ಮುಂಬಾಗಿಲಿಗೆ ಹೋದೆ. ಇಪ್ಪತ್ತು ವರ್ಷದಿಂದ ಬೆನ್ನಿಗೆ ಬೆನ್ನು ಹಚ್ಚಿಕೊಂಡ ಮನೆ. ಅದರ ಹೊಸ್ತಿಲು ಎಷ್ಟು ಎತ್ತರ ಎಂದೂ ನನಗೆ ಗೊತ್ತಿರಲಿಲ್ಲ, ಎಡವಿದೆ. ಗಂಗವ್ವ ಕಂಬಳಿ ಹಾಸಿ ಕೂಡಿಸಿದಳು, ಚಹಾ ತಂದಳು. ಬಸವಣ್ಣೆಪ್ಪ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ನಾನು, ನಿಮ್ಮ ಬ್ಯಾಟರಿಯಲ್ಲಿ ಅಷ್ಟು ಚಾರ್ಜ್ ಇದ್ದದ್ದು ನಮ್ಮ ದೈವ ಎಂದೆ.

“ಅಯ್ಯ, ದೈವ ಎಲ್ಲೀದ್ರಿ ಸರ,” ಎಂದಳು ಗಂಗವ್ವ. “ಗಾಳಿ ಎದ್ದ ದಿನಾನ ಇವರು ಟ್ರ್ಯಾಕ್ಟರ್ ಎರಡ ತಾಸ ಚಾಲೂ ಇಟ್ಟ ತುಂಬಿಸಿ ಇಟ್ರು. ಅಕ್ಕಾರ ಮಷೀನಕ್ಕ ಬೇಕಾಕ್ಕೈತಿ, ಯಾರೂ ಫೋನ್ ಹಚ್ಚಬ್ಯಾಡ್ರಿ ಅಂದ್ರು. ನಾವ ಯಾರೂ ಹಚ್ಚಲಿಲ್ಲ. ಎರಡೂ ದಿನಾ ಎಮ್ಮಿ ಕಡೇನ ಕುಂತಿದ್ರು, ಗ್ವಾಡಿಗೆ ಕಿವಿ ಇಟ್ಟಕೊಂಡ. ಅವರಾಗೇ ಕರದ್ರ ಹೋಗೂದು, ಕರೀದ ಹ್ಯಾಂಗ ಹೋಗೂದು ಅಂತ. ನೀವ ಕರೀಲೇ ಇಲ್ಲ.”

ನನಗೆ ಭಾಳ ನಾಚಿಕೆಯಾಯಿತು. ಚಹಾದ ಬಸಿಯನ್ನು ಕೆಳಗಿಟ್ಟು, ಹಿತ್ತಲ ಕಡೆ ಮುಖ ಮಾಡಿ, “ಬಸವಣ್ಣೆಪ್ಪಾ!” ಎಂದು ಕೂಗಿದೆ. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಕೈಯಲ್ಲಿ ಮೇವು ಹಿಡಿದುಕೊಂಡೇ ಅವನು ಓಡಿ ಬಂದ. “ಏನ್ರಿ ಸರ, ಅಕ್ಕಾರಿಗೆ ಮತ್ತ ದಮ್ಮ ಎದ್ದತೇನ್ರಿ?”

“ಇಲ್ಲ ಇಲ್ಲ, ಆರಾಮ ಅದಾಳ,” ಎಂದೆ. “ಸುಮ್ನ, ಕರದ ನೋಡಿದೆ.”